ಎಂಜಿನ್ ಎಣ್ಣೆಯಲ್ಲಿ ಕೂಲಂಟ್ ಬೆರೆತಿದೆಯೇ? ನಿರ್ಣಯಕ್ಕೆ ಮೊದಲು ಪರೀಕ್ಷೆ

ಕಾರು ಸಿರಿವಂತರ ಮನೆಯ ಆಡಂಬರವೆನಿಸಿದ್ದ ಕಾಲ ಸಂದುಹೋಗಿ ಬಹಳ ದಿನಗಳಾದವು. ಇಂದು ನಮ್ಮ ಸಮಾಜದ ಸಾಧಾರಣ ಗೃಹಸ್ಥರ ಅಂಗಳದಲ್ಲಿಯೂ ಹೊಸತೋ ಹಳತೋ ಒಂದು ವಾಹನ ನಿಂತಿರುವುದನ್ನು ಕಾಣುತ್ತೇವೆ. ವೃದ್ಧ ತಂದೆತಾಯಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲು, ಮಕ್ಕಳನ್ನು ವಸತಿನಿಲಯಕ್ಕೆ ಬಿಟ್ಟುಬರಲು, ಜಾತ್ರೆ ಉತ್ಸವಗಳಿಗೆ ಮನೆಮಂದಿಯೆಲ್ಲ ಕೂಡಿ ಹೋಗಿಬರಲು ಅದು ಬೇಕೇ ಬೇಕು. ಕೆಲವರಿಗಂತೂ ಬಾಡಿಗೆಯ ಕಾರೇ ಕಾಯಕದ ಸಾಧನ. ಸಾಲದ ಕಂತು ತೀರುವ ಮೊದಲೇ ಅದರ ಎಂಜಿನ್ ಕೆಟ್ಟಿತೆಂದರೆ ಸಂಸಾರದ ವರ್ಷದ ಉಳಿತಾಯವೆಲ್ಲ ಕರಗಿಹೋಗುವುದುಂಟು. ಆದುದರಿಂದ ಈ ಪುಟಗಳಲ್ಲಿ ಎಂಜಿನ್ ಎಣ್ಣೆಯ ಮಾತೇಕೆ ಎಂದು ಓದುಗ ಬಂಧುಗಳು ಹುಬ್ಬೇರಿಸಲಾರರೆಂದು ನಂಬಿದ್ದೇನೆ.

ವಾಹನದ ಎಂಜಿನ್ನಿಗೆ ಎಣ್ಣೆ ಹಾಕುವ ಮುಚ್ಚಳವನ್ನು ಒಂದು ದಿನ ತಿರುಗಿಸಿ ತೆಗೆದಾಗ ಅದರ ಒಳಮೈಗೆ ಹಾಲಿನ ಕೆನೆಯಂತಹ, ಒಮ್ಮೊಮ್ಮೆ ತೆಳುಹಳದಿ ಬಣ್ಣದ, ಲೇಪವೊಂದು ಅಂಟಿಕೊಂಡಿರುವುದು ಕಾಣುತ್ತದೆ. ಎಣ್ಣೆ ಮತ್ತು ನೀರು ತಾವಾಗಿ ಬೆರೆಯುವ ವಸ್ತುಗಳಲ್ಲ. ಆದರೆ ಎಂಜಿನ್ ಒಳಗೆ ತಿರುಗುವ ಭಾಗಗಳು ಅವೆರಡನ್ನೂ ಕಡೆಗೋಲಿನಂತೆ ಕಡೆಯುವುದರಿಂದ ಇಂಥ ಕೆನೆ ಹುಟ್ಟುತ್ತದೆ. ಅಂದರೆ ಎಣ್ಣೆಗೆ ನೀರಿನ ಸಂಪರ್ಕ ಎಲ್ಲಿಯೋ ಆಗಿದೆ ಎಂಬುದಂತೂ ನಿಶ್ಚಯ. ಆ ನೀರು ಎಲ್ಲಿಂದ ಬಂದಿತೆಂಬುದೇ ಪ್ರಶ್ನೆ. ಇದನ್ನು ಕಂಡವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿ ಮರೆತುಬಿಡುತ್ತಾರೆ. ಇನ್ನು ಕೆಲವರು ಹೆದರಿ ಗ್ಯಾರೇಜಿಗೆ ಓಡುತ್ತಾರೆ. ಅಲ್ಲಿ ಯಾರೋ ಒಬ್ಬರು ಮುಚ್ಚಳವನ್ನು ನೋಡಿದೊಡನೆಯೇ “ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು” ಎಂದರೆ ಮರುಮಾತಿಲ್ಲದೆ ಒಪ್ಪಿಬಿಡುತ್ತಾರೆ. ಮೊದಲನೆಯವರು ಎಂಜಿನ್ ಕಳೆದುಕೊಳ್ಳಬಹುದು, ಎರಡನೆಯವರು ಹಣ ಕಳೆದುಕೊಳ್ಳಬಹುದು. ಇಬ್ಬರೂ ಪರೀಕ್ಷೆ ಮಾಡದೆ ನಿರ್ಣಯಕ್ಕೆ ಬಂದವರೇ.

ಪರೀಕ್ಷೆಯ ಕ್ರಮ ತಿಳಿಯಬೇಕಾದರೆ ಎಂಜಿನ್ನಿನ ಒಡಲನ್ನು ಸ್ವಲ್ಪ ಅರಿಯಬೇಕು. ಅದರೊಳಗೆ ಮೂರು ಬೇರೆ ಬೇರೆ ವ್ಯವಹಾರಗಳು ಒಂದರ ಮಗ್ಗುಲಲ್ಲಿ ಒಂದು ನಡೆಯುತ್ತಿರುತ್ತವೆ. ಸಿಲಿಂಡರುಗಳಲ್ಲಿ ಇಂಧನ ಉರಿಯುತ್ತದೆ. ಅವುಗಳ ಸುತ್ತಲಿನ ಕಾಲುವೆಗಳಲ್ಲಿ ಶಾಖವನ್ನು ಹೊತ್ತೊಯ್ಯುವ ಕೂಲಂಟ್ ಹರಿಯುತ್ತದೆ. ಬೇರೆಯದೇ ಆದ ಸಣ್ಣ ನಾಳಗಳಲ್ಲಿ ಎಣ್ಣೆ ಹರಿದು ತಿರುಗುವ ಭಾಗಗಳನ್ನು ಸವೆಯದಂತೆ ಕಾಪಾಡಿ ಕೆಳಗಿನ ಚೇಂಬರಿಗೆ ಮರಳುತ್ತದೆ. ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ಕೂಡುವಲ್ಲಿ ಈ ಮೂರನ್ನೂ ಬೇರ್ಪಡಿಸಿ ನಿಲ್ಲಿಸುವುದು ತೆಳುವಾದ ಒಂದು ತಗಡು. ಅದೇ ಹೆಡ್ ಗ್ಯಾಸ್ಕೆಟ್. ಎಂಜಿನ್ ಒಮ್ಮೆ ವಿಪರೀತ ಕಾದರೆ ಹೆಡ್ ಸೊಟ್ಟಗಾಗಿ ಈ ತಗಡಿನ ಬಿಗಿ ಸಡಿಲಾಗುತ್ತದೆ. ಎಣ್ಣೆ ಮತ್ತು ಕೂಲಂಟ್ ಸಂಧಿಸುವ ಮತ್ತೊಂದು ಸ್ಥಳವೆಂದರೆ ಆಯಿಲ್ ಕೂಲರ್. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿಯೂ ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿಯೂ ಇದು ಇರುತ್ತದೆ. ಒಂದು ತೆಳುಗೋಡೆಯ ಈ ಬದಿಯಲ್ಲಿ ಎಣ್ಣೆ, ಆ ಬದಿಯಲ್ಲಿ ಕೂಲಂಟ್. ಆ ಗೋಡೆ ತೂತಾದರೂ, ಸೀಲು ಹಳತಾಗಿ ಬಿರಿದರೂ ಎರಡೂ ಬೆರೆಯುತ್ತವೆ. ಕೆಲವು ಎಂಜಿನ್‌ಗಳಲ್ಲಿ ನೀರಿನ ಪಂಪನ್ನು ಒಳಗಿನ ಟೈಮಿಂಗ್ ಚೈನೇ ತಿರುಗಿಸುತ್ತದೆ. ಅಂಥಲ್ಲಿ ಪಂಪಿನ ಸೀಲು ಸೋರಿದರೆ ಕೂಲಂಟ್ ಹೊರಗೆ ಬೀಳದೆ ನೇರವಾಗಿ ಎಣ್ಣೆಗೇ ಇಳಿಯಬಹುದು. ಟ್ರ್ಯಾಕ್ಟರ್ ಮತ್ತು ಲಾರಿಗಳ ಮಾತು ಇನ್ನೂ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಒತ್ತಡದ ಲೆಕ್ಕವೊಂದುಂಟು. ಎಂಜಿನ್ ಓಡುತ್ತಿರುವಾಗ ಎಣ್ಣೆಯ ಒತ್ತಡ ಸಾಮಾನ್ಯವಾಗಿ 2ರಿಂದ 5 ಬಾರ್‌ನಷ್ಟಿರುತ್ತದೆ. ಕೂಲಂಟ್ ಒತ್ತಡ ರೇಡಿಯೇಟರ್ ಮುಚ್ಚಳದ ಮಿತಿಗೆ ಒಳಪಟ್ಟು ಸುಮಾರು 1 ಬಾರ್ ಮಾತ್ರ. ಆದುದರಿಂದ ಇವೆರಡರ ನಡುವೆ ತೂತು ಬಿದ್ದರೆ ಎಂಜಿನ್ ಓಡುವಾಗ ಎಣ್ಣೆಯೇ ಕೂಲಂಟ್ ಕಡೆಗೆ ನುಗ್ಗುತ್ತದೆ. ಎಂಜಿನ್ ನಿಲ್ಲಿಸಿದ ಕ್ಷಣವೇ ಎಣ್ಣೆಯ ಒತ್ತಡ ಇಳಿದುಹೋಗುತ್ತದೆ. ಕಾದ ಕೂಲಂಟ್‌ನ ಒತ್ತಡ ಮಾತ್ರ ಸ್ವಲ್ಪ ಕಾಲ ಉಳಿಯುತ್ತದೆ. ಆಗ ಪ್ರವಾಹದ ದಿಕ್ಕು ತಿರುಗಿ ಕೂಲಂಟ್ ಎಣ್ಣೆಯೊಳಗೆ ಸೇರುತ್ತದೆ. ಈ ಕಾರಣದಿಂದಲೇ ಆಯಿಲ್ ಕೂಲರ್ ಸೋರಿದಾಗ ಮೊದಲ ಸಾಕ್ಷ್ಯ ಬಹಳ ಸಲ ಎಣ್ಣೆಯಲ್ಲಿ ಕಾಣದೆ, ಕೂಲಂಟ್ ಡಬ್ಬಿಯಲ್ಲಿ ಕಂದುಬಣ್ಣದ ಜಿಡ್ಡಾಗಿ ಕಾಣುತ್ತದೆ. ಎಣ್ಣೆಯನ್ನು ಮಾತ್ರ ನೋಡಿ ಡಬ್ಬಿಯನ್ನು ನೋಡದವರ ಪರೀಕ್ಷೆ ಅರ್ಧವೇ ಸರಿ.

ಮುಚ್ಚಳದ ಕೆನೆಯ ವಿಚಾರಕ್ಕೆ ಮರಳೋಣ. ಮಠದ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಇದು ಪರಿಚಿತವಾದ ಸಮಸ್ಯೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ಯುಕ್ತ. ಹೊಗೆಯು ಬೆಂಕಿಯನ್ನು ಬಿಟ್ಟಿರದು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆಂದು ಹೇಳಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿ ಸೌದೆಯ ಸಂಯೋಗ ಬೇಕು. ಈ ಬಗೆಯ ನಿಬಂಧನೆಗೆ ಶಾಸ್ತ್ರಕಾರರು ಉಪಾಧಿ ಎಂದರು. ಸಾಧಿಸಬೇಕಾದ ವಸ್ತು ಇರುವಲ್ಲಿಯೂ ಇಲ್ಲದಲ್ಲಿಯೂ ಕಾಣಿಸಿಕೊಳ್ಳುವ ಹೇತುವನ್ನು ಸವ್ಯಭಿಚಾರವೆಂದು ಹೇಳಿ ತಳ್ಳಿಹಾಕಿದರು. ಮುಚ್ಚಳದ ಕೆನೆ ಇಂಥದೇ ಸವ್ಯಭಿಚಾರ ಹೇತು. ಗ್ಯಾಸ್ಕೆಟ್ ಸೋರುವ ಎಂಜಿನ್ನಿನಲ್ಲಿಯೂ ಅದು ಕಾಣುತ್ತದೆ, ಸಂಪೂರ್ಣ ಆರೋಗ್ಯವಾಗಿರುವ ಎಂಜಿನ್ನಿನಲ್ಲಿಯೂ ಕಾಣುತ್ತದೆ.

ಆರೋಗ್ಯವಂತ ಎಂಜಿನ್ನಿಗೆ ನೀರು ಬರುವುದೆಲ್ಲಿಂದ? ಇಂಧನದಿಂದಲೇ. ಒಂದು ಲೀಟರ್ ಪೆಟ್ರೋಲ್ ಪೂರ್ಣವಾಗಿ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಇದನ್ನು ಮೊದಲ ಸಲ ಕೇಳಿದವರಿಗೆ ನಂಬಿಕೆಯಾಗದು. ಇಂಧನದಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡುವುದರ ಫಲವಿದು. ಸಿ.ಎನ್.ಜಿ. ವಾಹನಗಳಲ್ಲಿ ಇದು ಮತ್ತೂ ಅಧಿಕ. ಅದರ ಮುಖ್ಯ ಘಟಕವಾದ ಮೀಥೇನ್ ಒಂದು ಕಿಲೋ ಉರಿದರೆ ಎರಡೂಕಾಲು ಕಿಲೋ ನೀರು. ಈ ಆವಿಯ ಬಹುಭಾಗ ಹೊಗೆಕೊಳವೆಯಿಂದ ಹೊರಹೋಗುತ್ತದೆ. ಅಲ್ಪಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಎಣ್ಣೆಯಿರುವ ಅವಕಾಶವನ್ನು ಸೇರುತ್ತದೆ. ವಾಹನ ದೂರ ಓಡಿ ಎಣ್ಣೆ ಚೆನ್ನಾಗಿ ಕಾದರೆ ಆ ತೇವವೆಲ್ಲ ಮತ್ತೆ ಆವಿಯಾಗಿ ಗಾಳಿಯ ನಳಿಕೆಯ ಮೂಲಕ ಹೊರಟುಹೋಗುತ್ತದೆ. ದಿನವೂ ಒಂದೆರಡು ಕಿಲೋಮೀಟರು ಮಾತ್ರ ಓಡಿದರೆ ಎಣ್ಣೆ ಕಾಯುವುದೇ ಇಲ್ಲ. ಎಂಜಿನ್ನಿನ ಅತ್ಯಂತ ತಣ್ಣನೆಯ ಭಾಗವಾದ ಮುಚ್ಚಳದ ಒಳಮೈಗೆ ತೇವ ಕೂಡಿ ಕೆನೆಗಟ್ಟುತ್ತದೆ. ಇಲ್ಲಿ ಹಸಿ ಸೌದೆಯ ಸ್ಥಾನದಲ್ಲಿರುವುದು ಅಲ್ಪ ಪ್ರಯಾಣ ಮತ್ತು ತಂಪು ಹವೆ.

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ನಿವೃತ್ತ ಉಪಾಧ್ಯಾಯರೊಬ್ಬರ ಪ್ರಸಂಗ ಇದಕ್ಕೆ ನಿದರ್ಶನ. ಅವರ ಪೆಟ್ರೋಲ್ ಕಾರು ಸೋಮವಾರ ಮಠಕ್ಕೆ, ಗುರುವಾರ ಸಂತೆಗೆ ಹೋಗಿಬರುವುದನ್ನು ಬಿಟ್ಟರೆ ಮನೆಯಲ್ಲಿಯೇ ನಿಂತಿರುತ್ತದೆ. ಆಷಾಢದ ಮಳೆಯಲ್ಲಿ ಮುಚ್ಚಳಕ್ಕೆ ಕೆನೆ ಕಟ್ಟಿತು. ಗ್ಯಾರೇಜಿನವರು ಹೆಡ್ ಬಿಚ್ಚಲು ಹಲವು ಹತ್ತು ಸಾವಿರ ರೂಪಾಯಿಗಳ ಅಂದಾಜು ಕೊಟ್ಟರು. ಉಪಾಧ್ಯಾಯರು ಮಗಳ ಮದುವೆಗೆಂದು ಇಟ್ಟಿದ್ದ ಹಣಕ್ಕೆ ಕೈಹಾಕುವವರಿದ್ದರು. ಮಠದ ವಾಹನವನ್ನು ಬಹುಕಾಲದಿಂದ ನಡೆಸುತ್ತಿದ್ದ ಚಾಲಕರು ತಡೆದರು. “ಗುರುಗಳೇ, ಎಂಟು ದಿವಸ ನನಗ ಕೊಡ್ರಿ, ಆಮೇಲೆ ಬಿಚ್ಚಿಸೋಣ” ಎಂದರು. ಮೂಲತಃ ಅವರು ಧಾರವಾಡ ಕಡೆಯವರು. ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿದರು. ಎಣ್ಣೆ ಸ್ವಚ್ಛವಾಗಿತ್ತು, ಮಟ್ಟವೂ ಏರಿರಲಿಲ್ಲ. ಬಳಿಕ ಕೂಲಂಟ್ ಡಬ್ಬಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಸೀಸದ ಕಡ್ಡಿಯಿಂದ ಗೆರೆಯೆಳೆದರು. ಮುಚ್ಚಳವನ್ನು ಒರೆಸಿ, ವಾಹನವನ್ನು ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರು ಓಡಿಸಿಕೊಂಡು ಬಂದರು. ಎರಡು ದಿನಕ್ಕೊಮ್ಮೆ ಹಾಗೆಯೇ ಮಾಡಿದರು. ಎಂಟನೆಯ ದಿನ ಕೂಲಂಟ್ ಗೆರೆಯಿದ್ದಲ್ಲಿಯೇ ಇತ್ತು; ಮುಚ್ಚಳದಲ್ಲಿ ಕೆನೆಯ ಕುರುಹೂ ಇರಲಿಲ್ಲ. ಆ ಎಂಜಿನ್ ಇಂದಿಗೂ ಬಿಚ್ಚದೆ ಓಡುತ್ತಿದೆ.

ಈ ಚಾಲಕರು ಅನುಸರಿಸಿದ ಕ್ರಮ ಯಾವ ಗೃಹಸ್ಥರಿಗೂ ಸಾಧ್ಯವಾದುದು. ಕಾರು ನಡೆಸುವ ನಮ್ಮ ಅಕ್ಕತಂಗಿಯರೂ ಯಾರ ಸಹಾಯವಿಲ್ಲದೆ ಮಾಡಬಹುದು. ಒಂದು ಎಚ್ಚರ ಮಾತ್ರ ಅತ್ಯವಶ್ಯ: ಎಂಜಿನ್ ಕಾದಿರುವಾಗ ರೇಡಿಯೇಟರಿನ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳವನ್ನು ತೆರೆಯಕೂಡದು. ಒಳಗಿನ ದ್ರವ ಒತ್ತಡದಲ್ಲಿ ನೂರು ಡಿಗ್ರಿಗೂ ಮಿಕ್ಕಿ ಕಾದಿರಬಹುದು. ಮುಚ್ಚಳ ಸಡಿಲಿಸಿದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ರಾತ್ರಿಯಿಡೀ ನಿಂತ ವಾಹನವನ್ನು ಸಮನೆಲದಲ್ಲಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ನೋಡತಕ್ಕದ್ದು. ಕೂಲಂಟ್ ಮಟ್ಟ ದಿನೇ ದಿನೇ ಇಳಿಯುತ್ತಿದೆಯೇ? ಇಳಿಯುತ್ತಿದ್ದರೆ ಹೊರಗೆಲ್ಲಿಯಾದರೂ ಸೋರಿದ ಗುರುತಿದೆಯೇ? ಪೈಪುಗಳ ಸಂದು, ರೇಡಿಯೇಟರಿನ ಅಂಚು, ನೀರಿನ ಪಂಪಿನ ಕೆಳಭಾಗ, ಮುಂದಿನ ಆಸನದ ಕಾಲಡಿಯ ಹಾಸು, ಎಲ್ಲವನ್ನೂ ತಡವಿ ನೋಡಬೇಕು. ಹೊರಗೆ ಸೋರಿಕೆಯಿಲ್ಲದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಅದು ಒಳಗೆ ಹೋಗುತ್ತಿದೆಯೆಂದೇ ಅರ್ಥ. ಆದರೂ ಎಣ್ಣೆಗೇ ಹೋಗುತ್ತಿದೆಯೆಂದು ಇಷ್ಟರಿಂದ ಹೇಳಲಾಗದು. ಸಿಲಿಂಡರಿಗೆ ಹೋಗಿ ಉರಿದು ಬಿಳಿಯ ಹೊಗೆಯಾಗಿ ಹೊರಬೀಳಬಹುದು. ಇತ್ತೀಚಿನ ಡೀಸೆಲ್ ವಾಹನಗಳಲ್ಲಿ ಇ.ಜಿ.ಆರ್. ಕೂಲರ್ ಎಂಬ ಭಾಗ ಒಡೆದು ಹೊಗೆಕೊಳವೆಯನ್ನು ಸೇರಲೂಬಹುದು. ಚಳಿಯ ಮುಂಜಾನೆಯಲ್ಲಿ ಮೊದಲ ಕೆಲವು ನಿಮಿಷ ಬಿಳಿಯ ಆವಿ ಬರುವುದು ಸಹಜ. ಎಂಜಿನ್ ಪೂರ್ತಿ ಕಾದ ಮೇಲೆಯೂ ದಟ್ಟವಾಗಿ, ಸಿಹಿಯಾದ ವಾಸನೆಯಿಂದ ಕೂಡಿ ಬಂದರೆ ಅದು ಸಹಜವಲ್ಲ.

ಸಿಹಿ ಎಂದೆ. ಕೂಲಂಟ್‌ನಲ್ಲಿ ನೀರಿನೊಡನೆ ಬೆರೆತಿರುವುದು ಬಹುತೇಕ ಎಥಿಲೀನ್ ಗ್ಲೈಕಾಲ್ ಎಂಬ ದ್ರವ. ಅದರ ರುಚಿ ಸಿಹಿ, ಪರಿಣಾಮ ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡಗಳನ್ನೇ ಕೆಡಿಸಿ ಪ್ರಾಣಕ್ಕೆ ಎರವಾಗುತ್ತದೆ. ಡಿಪ್‌ಸ್ಟಿಕ್‌ಗೆ ಬೆರಳು ತಾಗಿಸಿ ನಾಲಗೆಯಿಂದ ನೋಡುವ ಹಳೆಯ ಅಭ್ಯಾಸ ಕೆಲವರಲ್ಲುಂಟು. ಅದನ್ನು ಖಂಡಿತವಾಗಿ ಬಿಡಬೇಕು.

ಡಿಪ್‌ಸ್ಟಿಕ್ ಓದುವುದರಲ್ಲಿಯೂ ವಿವೇಕ ಬೇಕು. ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿ ನೊರೆಯಾಡುತ್ತಿದ್ದರೆ ಸಂಶಯ ಬಲವಾಯಿತು. ಮುಚ್ಚಳದ ಕೆನೆಗಿಂತ ಇದು ಎಷ್ಟೋ ಪಾಲು ಗಟ್ಟಿಯಾದ ಸಾಕ್ಷ್ಯ. ಆದರೆ ಇದಕ್ಕೂ ಮೊದಲೇ ಕಾಣುವ, ಜನ ತಪ್ಪಾಗಿ ಅರ್ಥಮಾಡಿಕೊಳ್ಳುವ ಚಿಹ್ನೆಯೊಂದಿದೆ. ಎಣ್ಣೆಯ ಮಟ್ಟ ಏರುವುದೇ ಅದು. ಬಾಗಲಕೋಟೆ ಜಿಲ್ಲೆಯ ಕಬ್ಬು ಬೆಳೆಯುವ ರೈತಬಂಧುವೊಬ್ಬರು ತಮ್ಮ ಹಳೆಯ ಟ್ರ್ಯಾಕ್ಟರ್ ಹನಿ ಎಣ್ಣೆಯನ್ನೂ ತಿನ್ನುವುದಿಲ್ಲವೆಂದು ಎಲ್ಲರ ಮುಂದೆ ಹೆಮ್ಮೆಪಡುತ್ತಿದ್ದರು. ಹಳೆಯ ಎಂಜಿನ್ ಅಷ್ಟಿಷ್ಟು ಎಣ್ಣೆ ತಿನ್ನುವುದು ಸ್ವಭಾವ. ತಿನ್ನದೆ ಮಟ್ಟ ಬೆರಳಗಲ ಮೇಲೇರಿತೆಂದರೆ ಬೇರೇನೋ ಒಳಗೆ ಇಳಿಯುತ್ತಿದೆಯೆಂದು ತಿಳಿಯಬೇಕಿತ್ತು. ರೇಡಿಯೇಟರಿಗೆ ದಿನವೂ ಒಂದು ತಂಬಿಗೆ ನೀರು ಸುರಿಯುತ್ತಿದ್ದುದನ್ನು ಅವರು ಬೇಸಿಗೆಯ ಬಿಸಿಲಿಗೆ ಆರೋಪಿಸಿದ್ದರು. ಎರಡು ಸಂಗತಿಗಳನ್ನೂ ಅವರು ಬಲ್ಲರು. ಎರಡನ್ನೂ ಕೂಡಿಸಿ ನೋಡಲಿಲ್ಲ. ಕಬ್ಬಿನ ಹಂಗಾಮಿನ ನಡುವೆ, ತುಂಬಿದ ಟ್ರೇಲರ್ ಎಳೆಯುವಾಗ ಎಂಜಿನ್ ಬಿಗಿದು ನಿಂತಿತು. ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳು ಕರಗಿ ಅಂಟಿಕೊಂಡಿದ್ದವು. ಆ ವರ್ಷದ ಕಬ್ಬು ಬಾಡಿಗೆಯ ಗಾಡಿಯಲ್ಲಿ ಕಾರ್ಖಾನೆ ಸೇರಿತು.

ಅನೇಕ ಟ್ರ್ಯಾಕ್ಟರ್ ಮತ್ತು ಲಾರಿ ಎಂಜಿನ್‌ಗಳಲ್ಲಿ ಸಿಲಿಂಡರಿನ ಲೈನರ್ ಹೊರಮೈಯನ್ನು ನೀರು ನೇರವಾಗಿ ಮುಟ್ಟುತ್ತದೆ. ಲೈನರ್ ಬುಡದಲ್ಲಿರುವ ರಬ್ಬರ್ ಬಳೆಗಳು ಮಾತ್ರ ಆ ನೀರು ಚೇಂಬರಿಗೆ ಇಳಿಯದಂತೆ ತಡೆಯುತ್ತವೆ. ಕೂಲಂಟ್ ಹಾಕದೆ ಬೋರ್‌ವೆಲ್ಲಿನ ಗಡಸು ನೀರನ್ನೇ ಸುರಿಯುತ್ತ ಬಂದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಳೆ ಕೂರುವ ಜಾಗ ಹಾಳಾಗುತ್ತದೆ. ಲೈನರ್ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತುಗಳೂ ಬೀಳುತ್ತವೆ. ಕೂಲಂಟ್ ಎಂಬುದು ಚಳಿಯ ದೇಶದವರಿಗೆ, ನಮಗೇಕೆ ಎಂಬ ವಾದ ನಮ್ಮ ರೈತರಲ್ಲಿ ಬೇರೂರಿದೆ. ಅದು ಸರಿಯಲ್ಲ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಗುಣ ಮಾತ್ರ. ಕುದಿಯುವ ಮಟ್ಟವನ್ನು ಏರಿಸುವುದು, ತುಕ್ಕನ್ನು ತಡೆಯುವುದು ನಮ್ಮ ಬಿಸಿಲುನಾಡಿಗೇ ಹೆಚ್ಚು ಬೇಕಾದವು.

ಬೇರಿಂಗುಗಳು ಕರಗಿದುದೇಕೆಂಬುದನ್ನೂ ಹೇಳಬೇಕು. ತಿರುಗುವ ಶಾಫ್ಟ್ ಮತ್ತು ಬೇರಿಂಗ್ ಒಂದನ್ನೊಂದು ಮುಟ್ಟಿಕೊಂಡಿರುವುದಿಲ್ಲ. ಕೂದಲೆಳೆಗಿಂತಲೂ ತೆಳುವಾದ ಎಣ್ಣೆಯ ಪೊರೆಯ ಮೇಲೆ ಶಾಫ್ಟ್ ತೇಲುತ್ತಿರುತ್ತದೆ. ಎಣ್ಣೆಗೆ ನೀರು ಸೇರಿದರೆ ಆ ಪೊರೆ ಭಾರ ಹೊರಲಾರದೆ ಹರಿಯುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಗ್ಲೈಕಾಲ್ ಇನ್ನೂ ಕೆಡುಕು. ಬಿಸಿಯಲ್ಲಿ ಅದು ಆಮ್ಲಗಳಾಗಿ ಮಾರ್ಪಟ್ಟು ಬೇರಿಂಗಿನ ಲೋಹವನ್ನು ಕೊರೆಯುತ್ತದೆ, ಎಣ್ಣೆಯನ್ನು ಗಟ್ಟಿ ರಾಡಿಯಾಗಿಸಿ ಫಿಲ್ಟರನ್ನು ಕಟ್ಟುತ್ತದೆ. ಆದುದರಿಂದ ಡಿಪ್‌ಸ್ಟಿಕ್‌ನಲ್ಲಿ ಚಹದ ಬಣ್ಣ ಕಂಡ ಮೇಲೆ ವಾಹನವನ್ನು ಗ್ಯಾರೇಜಿನವರೆಗೂ ಓಡಿಸಕೂಡದು. ಎಳೆಸಿಕೊಂಡು ಹೋಗುವುದೇ ಲೇಸು. ಎಳೆಸುವ ಖರ್ಚು ಬೇರಿಂಗಿನ ಖರ್ಚಿನ ಮುಂದೆ ಏನೂ ಅಲ್ಲ.

ಮನೆಯಲ್ಲಿ ಮಾಡಬಹುದಾದ ಇನ್ನೆರಡು ಪರೀಕ್ಷೆಗಳುಂಟು. ನೀರು ಎಣ್ಣೆಗಿಂತ ಭಾರ. ವಾಹನ ರಾತ್ರಿಯಿಡೀ ಅಲುಗದೆ ನಿಂತಿದ್ದರೆ, ಕೆನೆಯಾಗದೆ ಉಳಿದ ನೀರು ಚೇಂಬರಿನ ತಳ ಸೇರುತ್ತದೆ. ಬೆಳಿಗ್ಗೆ ಕೆಳಗಿನ ಡ್ರೈನ್ ನಟ್ಟನ್ನು ಮೆಲ್ಲನೆ ಸಡಿಲಿಸಿದರೆ ಎಣ್ಣೆಗೆ ಮೊದಲು ನೀರೋ, ಹಸಿರು ಅಥವಾ ಕೆಂಪು ಕೂಲಂಟೋ ತೊಟ್ಟಿಕ್ಕುತ್ತದೆ. ಇದನ್ನು ಬಲ್ಲವರಿಂದ ಮಾಡಿಸುವುದು ಮೇಲು. ವಾಹನವನ್ನು ಬರಿಯ ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ನುಸುಳುವುದು ಅಪಾಯ. ಎರಡನೆಯದು, ಅಡುಗೆಗೆ ಬಳಸದ ಹಳೆಯ ಹಂಚೊಂದನ್ನು ಬಯಲಿನಲ್ಲಿ ಕಾಯಿಸಿ, ಒಲೆಯಿಂದ ಕೆಳಗಿಳಿಸಿ, ಅದರ ಮೇಲೆ ಎಣ್ಣೆಯ ಒಂದೆರಡು ಹನಿ ಬಿಡುವುದು. ಒಗ್ಗರಣೆಗೆ ಹಸಿ ಕರಿಬೇವು ಬಿದ್ದಾಗಿನಂತೆ ಚಟಪಟಗುಟ್ಟಿದರೆ ಎಣ್ಣೆಯಲ್ಲಿ ನೀರಿದೆ. ಸುಮ್ಮನೆ ಹರಡಿ ಹೊಗೆಯಾಡಿದರೆ ಹೇಳಿಕೊಳ್ಳುವಷ್ಟಿಲ್ಲ. ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ದೂರವಿರಲಿ. ಆದರೆ ಈ ಪರೀಕ್ಷೆ ನೀರನ್ನು ತೋರಿಸುತ್ತದೆಯೇ ಹೊರತು ಅದು ಕೂಲಂಟ್‌ನದೋ, ಹವೆಯ ತೇವದ್ದೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲದು ಪ್ರಯೋಗಾಲಯ. ಕೂಲಂಟ್‌ಗೆ ಸೇರಿಸುವ ತುಕ್ಕುನಿರೋಧಕಗಳಲ್ಲಿ ಸೋಡಿಯಂ, ಪೊಟಾಸಿಯಂ, ಬೋರಾನ್‌ಗಳ ಲವಣಗಳಿರುತ್ತವೆ. ನೀರು ಆವಿಯಾಗಿ ಹೋದರೂ ಅವು ಎಣ್ಣೆಯಲ್ಲಿ ಉಳಿಯುತ್ತವೆ. ಇಲ್ಲಿಯೂ ಒಂದು ಉಪಾಧಿ ಅಡಗಿದೆ. ಕೆಲವು ಎಣ್ಣೆಗಳಲ್ಲಿ ಬೋರಾನ್ ತಯಾರಿಕೆಯಲ್ಲಿಯೇ ಸೇರಿರುತ್ತದೆ. ಆದುದರಿಂದ ಬಳಸಿದ ಎಣ್ಣೆಯೊಡನೆ ಅದೇ ಜಾತಿಯ ಹೊಸ ಎಣ್ಣೆಯನ್ನೂ ಕಳುಹಿಸಿ ಹೋಲಿಸಬೇಕು. ಒಂದು ಕಾರಿನವರಿಗೆ ಇಷ್ಟು ಶ್ರಮ ಬೇಡ. ಸಾಲುಸಾಲು ಬಸ್ಸುಗಳನ್ನು ನಡೆಸುವ ವಿದ್ಯಾಸಂಸ್ಥೆಗಳಿಗೆ ಇದು ಲಾಭದಾಯಕ.

ಇಷ್ಟೆಲ್ಲ ನೋಡಿದ ಮೇಲೆಯೂ ಸಂಶಯ ಉಳಿದರೆ ಗ್ಯಾರೇಜಿಗೆ ಹೋಗಬೇಕು. ಹೋದಾಗ ಮೇಸ್ತ್ರಿಗಳನ್ನು “ಎಷ್ಟಾಗುತ್ತದೆ” ಎಂದು ಕೇಳುವ ಮೊದಲು “ಹೇಗೆ ಪರೀಕ್ಷಿಸುತ್ತೀರಿ” ಎಂದು ಕೇಳುವುದು ಒಳಿತು. ಹೆಡ್ ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಗಳು ಅವರ ಬಳಿ ಇವೆ. ಒಂದು, ಕೂಲಂಟ್ ವ್ಯವಸ್ಥೆಗೆ ಕೈಪಂಪು ಜೋಡಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ ತುಂಬಿ, ತಣ್ಣನೆಯ ಎಂಜಿನ್ನಿನಲ್ಲಿ ಮುಳ್ಳು ಇಳಿಯುತ್ತದೆಯೇ ಎಂದು ಕಾಯುವುದು. ಹೊರಗೆಲ್ಲಿಯೂ ತೇವವಿಲ್ಲದೆ ಮುಳ್ಳು ಇಳಿದರೆ ಸೋರಿಕೆ ಒಳಗಿದೆ. ಸಣ್ಣ ಸೋರಿಕೆಗಳು ಗಂಟೆಗಟ್ಟಲೆ ಕಾಯಿಸುತ್ತವೆ. ಐದು ನಿಮಿಷ ನೋಡಿ ಮುಗಿಸಿದರೆ ಪ್ರಯೋಜನವಿಲ್ಲ. ಇನ್ನೊಂದು, ಬ್ರೋಮೋಥೈಮಾಲ್ ಬ್ಲೂ ಎಂಬ ನೀಲಿ ದ್ರಾವಣದ ಪರೀಕ್ಷೆ. ಓಡುವ ಎಂಜಿನ್ನಿನ ಕೂಲಂಟ್ ಮೇಲಿನ ಗಾಳಿಯನ್ನು ಆ ದ್ರಾವಣದ ಮೂಲಕ ಹಾಯಿಸುತ್ತಾರೆ. ಉರಿದ ಅನಿಲ ಕೂಲಂಟ್‌ಗೆ ಸೋರುತ್ತಿದ್ದರೆ ಅದರಲ್ಲಿಯ ಇಂಗಾಲಾಮ್ಲದಿಂದ ನೀಲಿ ಬಣ್ಣ ಹಳದಿಯಾಗುತ್ತದೆ. ಡೀಸೆಲ್ಲಿನಲ್ಲಿ ಹಸಿರಾಗುವುದೂ ಉಂಟು. ಮೂರನೆಯದು ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಯುವುದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಅದು ಕಡಿಮೆಯಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು.

ಇವುಗಳ ಫಲವನ್ನು ಕೂಡಿಸಿ ಓದಬೇಕು. ನೀಲಿ ದ್ರಾವಣ ಹಳದಿಯಾಗಿ, ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲಿಯೇ ರೇಡಿಯೇಟರಿನ ಮೇಲಿನ ಪೈಪು ಕಲ್ಲಿನಂತೆ ಬಿಗಿದು, ಡಬ್ಬಿಯಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ, ದೋಷ ಗ್ಯಾಸ್ಕೆಟ್ಟಿನಲ್ಲೋ ಹೆಡ್‌ನ ಬಿರುಕಿನಲ್ಲೋ ಇದೆಯೆಂದು ಒಪ್ಪಬಹುದು. ನೀಲಿ ದ್ರಾವಣ ನೀಲಿಯಾಗಿಯೇ ಉಳಿದು, ಕಂಪ್ರೆಶನ್ ಎಲ್ಲ ಸಿಲಿಂಡರುಗಳಲ್ಲಿಯೂ ಸಮನಾಗಿದ್ದು, ಡಬ್ಬಿಯಲ್ಲಿ ಎಣ್ಣೆಯ ಜಿಡ್ಡು ತೇಲುತ್ತಿದ್ದರೆ ಮೊದಲು ಆಯಿಲ್ ಕೂಲರನ್ನು ಬಿಚ್ಚಿಸಿ ಪರೀಕ್ಷಿಸುವುದು ನ್ಯಾಯ. ಅದು ಅನೇಕ ವಾಹನಗಳಲ್ಲಿ ಹೊರಗಿನಿಂದಲೇ ಬಿಚ್ಚಲು ಬರುವ ಭಾಗ. ಅದರ ಖರ್ಚು ಹೆಡ್ ಕೆಲಸದ ಖರ್ಚಿಗಿಂತ ಬಹಳ ಕಡಿಮೆ. ಆಯಿಲ್ ಕೂಲರ್ ಸೋರುತ್ತಿದ್ದ ವಾಹನಗಳಿಗೆ ಹೆಡ್ ಗ್ಯಾಸ್ಕೆಟ್ ಹಾಕಿ ಕಳುಹಿಸಿ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕೆನೆ ಕಂಡ ಉದಾಹರಣೆಗಳು ಗ್ಯಾರೇಜುಗಳಲ್ಲಿ ವಿರಳವಲ್ಲ.

ಮೇಸ್ತ್ರಿಗಳೆಲ್ಲ ಮೋಸಗಾರರೆಂಬ ಧಾಟಿಯ ಮಾತು ನಮ್ಮ ಮನೆಗಳಲ್ಲಿ ಸುಲಭವಾಗಿ ಹೊರಡುತ್ತದೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಶರಣರನ್ನು ಅವರ ಕಾಯಕದಿಂದಲೇ ಕರೆದು ಗೌರವಿಸುವ ಪರಂಪರೆ ನಮ್ಮದು. ಕೈಗೆ ಮಸಿ ಹತ್ತಿದವರ ಮೇಲೆ ಹಗುರವಾಗಿ ಅಪವಾದ ಹೊರಿಸುವುದು ನಮಗೆ ಒಪ್ಪದು. ಎಷ್ಟೋ ಸಲ ಮೇಸ್ತ್ರಿಗಳು ಪರೀಕ್ಷೆಗೆ ಒಂದು ದಿನ ಬೇಡಿದರೆ, ಪರೀಕ್ಷೆಗೆಂದು ಪ್ರತ್ಯೇಕ ಹಣ ಕೇಳಿದರೆ ಕೊಡದವರು ನಾವೇ. ಬಿಚ್ಚಿದರೆ ಮಾತ್ರ ಹಣ ಎಂಬ ವ್ಯವಸ್ಥೆ ಮಾಡಿದ ಮೇಲೆ ಬಿಚ್ಚಿದರೆಂದು ದೂರುವುದು ಹೇಗೆ? ಪರೀಕ್ಷೆಯೂ ಕಾಯಕವೇ, ಅದಕ್ಕೂ ಕೂಲಿ ಸಲ್ಲಬೇಕು.

ಹೆಡ್ ಬಿಚ್ಚುವುದೇ ನಿಶ್ಚಯವಾದರೆ ಗ್ಯಾಸ್ಕೆಟ್ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಹೆಡ್ ಮೇಲ್ಮೈಗೆ ನೇರಪಟ್ಟಿಯಿಟ್ಟು ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಬೇಕು. ತಯಾರಕರು ಒಪ್ಪುವ ಸೊಟ್ಟು ಅನೇಕ ಎಂಜಿನ್‌ಗಳಲ್ಲಿ 0.05ರಿಂದ 0.10 ಮಿ.ಮೀ. ಅಷ್ಟೇ, ಮೀರಿದರೆ ಮೈ ಸಮಮಾಡಿಸಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹೇಳಿದ ಕ್ರಮದಲ್ಲಿ, ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಎಂಜಿನ್ ಮೊದಲಿಗೆ ಕಾದುದೇಕೆ ಎಂಬ ಕಾರಣವನ್ನೂ ಹುಡುಕಿಸಬೇಕು. ಕೆಲಸ ಮಾಡದ ರೇಡಿಯೇಟರ್ ಫ್ಯಾನನ್ನೋ, ಕಚ್ಚಿಕೊಂಡ ಥರ್ಮೋಸ್ಟಾಟನ್ನೋ ಹಾಗೆಯೇ ಬಿಟ್ಟರೆ ಹೊಸ ಗ್ಯಾಸ್ಕೆಟ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವ ಉಪಾಯ ಹಳೆಯ ಚಾಲಕರದು. ನಡುದಾರಿಯಲ್ಲಿ ರೇಡಿಯೇಟರಿನ ಸಣ್ಣ ತೂತಿಗೆ ಅದು ಊರು ಮುಟ್ಟುವಷ್ಟು ಕಾಲ ಆದೀತು. ಗ್ಯಾಸ್ಕೆಟ್ಟಿಗೆ ಅರಿಶಿನವಾಗಲಿ ಅಂಗಡಿಯಲ್ಲಿ ಮಾರುವ ಸೀಲಂಟ್ ಆಗಲಿ ಔಷಧವಲ್ಲ. ಅವು ರೇಡಿಯೇಟರಿನ ಸೂಕ್ಷ್ಮ ನಾಳಗಳನ್ನೇ ಕಟ್ಟಿ ಎಂಜಿನ್ ಮತ್ತಷ್ಟು ಕಾಯುವಂತೆ ಮಾಡಬಹುದು.

ಹಳೆಯ ಕಾರು ಕೊಳ್ಳುವವರು ಇನ್ನೊಂದು ಬಗೆಯ ನೀರಿನ ಬಗೆಗೂ ಎಚ್ಚರವಾಗಿರಬೇಕು. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಊರಿಗೆ ಊರೇ ಜಲಾವೃತವಾಗಿದ್ದುದನ್ನು ನಾವು ಮರೆತಿಲ್ಲ. ಅಂಥ ನೆರೆಯಲ್ಲಿ ಮುಳುಗಿದ ವಾಹನದ ಎಣ್ಣೆಯೂ ಹಾಲಿನಂತಾಗುತ್ತದೆ. ಅದು ಕೂಲಂಟ್ ಅಲ್ಲ, ಹೊಳೆಯ ನೀರು, ಕೆಸರು ಸಹಿತ. ಆಸನದ ಪಟ್ಟಿಯನ್ನು ಕೊನೆಯವರೆಗೆ ಎಳೆದು, ಹಾಸನ್ನು ಎತ್ತಿ, ಕೆಸರಿನ ಕಲೆಯನ್ನು ಹುಡುಕಿ ನೋಡಬೇಕು. ನೆರೆಯಲ್ಲಿ ನಿಂತ ಸ್ವಂತ ವಾಹನವನ್ನಾದರೆ ಎಣ್ಣೆ, ಫಿಲ್ಟರು ಬದಲಿಸಿ, ಸಿಲಿಂಡರಿನಲ್ಲಿ ನೀರಿಲ್ಲವೆಂದು ಖಚಿತವಾಗುವವರೆಗೆ ಚಾಲೂ ಮಾಡಲೇಬಾರದು. ನೀರು ಕುಗ್ಗುವ ವಸ್ತುವಲ್ಲ. ಪಿಸ್ಟನ್ ಅದನ್ನು ಒತ್ತಲು ಹೋದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ದುರಸ್ತಿಯಾದ ಮೇಲೆ ಒಳಗಿನ ಶೇಷವನ್ನು ತೊಳೆಯಲು ಅಗ್ಗದ ಎಣ್ಣೆ ಮತ್ತು ಹೊಸ ಫಿಲ್ಟರು ಹಾಕಿ, ಸ್ವಲ್ಪ ಹೊತ್ತು ನಿಂತಲ್ಲಿಯೇ ಓಡಿಸಿ, ಬಿಸಿಯಿರುವಾಗಲೇ ಇಳಿಸಿ, ಆಮೇಲೆ ಒಳ್ಳೆಯ ಎಣ್ಣೆ ತುಂಬುವುದು ರೂಢಿ. ಗ್ಲೈಕಾಲ್ ಸೇರಿದ್ದ ಎಂಜಿನ್ನಿಗೆ ಆ ಎಣ್ಣೆಯನ್ನೂ ಕೆಲವು ನೂರು ಕಿಲೋಮೀಟರು ಓಡಿದೊಡನೆ ಮತ್ತೊಮ್ಮೆ ಬದಲಿಸಿದರೆ ಬೇರಿಂಗುಗಳಿಗೆ ಹಿತ. ಎಣ್ಣೆ ಕೂಲಂಟ್ ಕಡೆಗೆ ಹೋಗಿದ್ದರೆ ರಬ್ಬರ್ ಪೈಪುಗಳು ಉಬ್ಬಿ ಮೆತ್ತಗಾಗಿರುತ್ತವೆ; ಅವನ್ನೂ ಬದಲಿಸಬೇಕು. ಬಳಿಕ ಒಂದು ವಾರ ಪ್ರತಿ ಬೆಳಿಗ್ಗೆ ಡಬ್ಬಿಯ ಗೆರೆ, ಡಿಪ್‌ಸ್ಟಿಕ್, ಮುಚ್ಚಳ ಈ ಮೂರನ್ನೂ ನೋಡಿ ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ಮತ್ತೆ ಗ್ಯಾರೇಜಿಗೆ ಹೋಗುವ ಪ್ರಸಂಗ ಬಂದರೆ ಆ ಚೀಟಿಯನ್ನೇ ಮೇಸ್ತ್ರಿಗಳ ಕೈಗೆ ಕೊಡಬಹುದು. ಇಳಿಸಿದ ಹಳೆಯ ಕೂಲಂಟ್‌ಅನ್ನು ಗಟಾರಕ್ಕಾಗಲಿ ಹಿತ್ತಿಲಿಗಾಗಲಿ ಚೆಲ್ಲದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿನವರಿಗೇ ಒಪ್ಪಿಸಬೇಕು. ಸಿಹಿಗೆ ಮರುಳಾಗಿ ದನಕರು, ನಾಯಿಗಳು ಅದನ್ನು ನೆಕ್ಕುತ್ತವೆ.